ಬಸವನ ಪಾದಕ್ಕೆ ಎರಡು ಬೆರಳು

ಕಡವಿನಪುರ,
ತಿ. ನರಸೀಪುರ ತಾಲ್ಲೂಕು
೧೨ ಮೇ ೨೦೦೩, ಸೋಮವಾರ

ಪ್ರಿಯ ನಿಂಗರಾಜುವಿಗೆ,

ಗಂಗಾಧರಸ್ವಾಮಿಯ ಶರಣು. ನಾನಿಲ್ಲಿ ಕ್ಷೇಮ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಹನ್ನೊಂದು ವರ್ಷ ಒಂದು ಕಾಗದ ಹಾಕದವನು ಈಗ ತಡವಾಯಿತು ಕ್ಷಮಿಸು ಅಂದರೆ ನೀನು ನಗುತ್ತೀಯ. ನಗು, ಆದರೆ ಪೂರ್ತಿ ಕೇಳು. ನೀನು ಸೋಮನಾಥಪುರದಲ್ಲಿ ಮಗಳ ಮನೆಯಲ್ಲಿದ್ದೀಯಂತೆ, ಗುಡಿ ನೋಡಲು ಬಂದವರಿಗೆ ಎಳನೀರು ಕೆತ್ತಿ ಕೊಡುತ್ತೀಯಂತೆ. ಹರಿಗೋಲಿಗೆ ಹುಟ್ಟು ಹಾಕುತ್ತಿದ್ದ ಕೈಯಲ್ಲಿ ಮಚ್ಚು ಅಂತ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಈ ವರ್ಷ ಕಪಿಲೆ ಎಷ್ಟು ಇಳಿದಿದ್ದಾಳೆಂದರೆ, ನಿನ್ನ ಹರಿಗೋಲು ಓಡಾಡುತ್ತಿದ್ದ ಕಡೆ ಹುಡುಗರು ಗೋಲಿ ಆಡುತ್ತಿದ್ದಾರೆ. ಕಳೆದ ವಾರ ಅವರೇ ಓಡಿ ಬಂದು, "ಮೇಷ್ಟ್ರೇ, ಒಳೆ ಮಧ್ಯ ಬಂಡೆ ಮೇಲೆ ಚಿತ್ರ ಐತೆ ಬನ್ನಿ" ಅಂದರು. ನಾಲ್ಕು ಗೀರು ಇರಬಹುದು ಅಂದುಕೊಂಡು ಹೋದೆ. ಪಾಚಿ ಕೆರೆಸಿ ನೀರು ಹುಯ್ದು ನೋಡಿದರೆ, ನಿಂಗರಾಜು, ಅದು ಬರೀ ಗೀರಲ್ಲ.

ಬಂಡೆಯ ಮೇಲೆ ನಮ್ಮ ಇಡೀ ಕಡವು ಇದೆ! ಮೇಲೆ ನಾಲ್ಕು ಕಂಬದ ಮಂಟಪ, ಅದರಿಂದ ಇಳಿದು ಬರುವ ಮೆಟ್ಟಿಲು, ಪಕ್ಕದಲ್ಲಿ ಮೂಟೆ, ತಕ್ಕಡಿ, ಕೊಂಬು ತಗ್ಗಿಸಿ ನಿಂತ ಗಾಡಿಯ ಎತ್ತು. ಕಾಡಿನಿಂದ ತೇಲಿ ಬರುವ ಬಿದಿರಿನ ಕಟ್ಟು, ಅದರ ಮೇಲೆ ಕೂತು ಅಡಿಗೆ ಮಾಡುತ್ತಿರುವ ಒಬ್ಬಳು. ಎಣಿಸಿದೆ, ಹದಿನೇಳು ಹರಿಗೋಲು. ಕೆಳಗೆ, ಕಾವೇರಿಯ ಜೊತೆ ಸೇರುವ ಕಡೆ, ಎರಡು ಗೆರೆ ಹೆಣೆದ ಜಡೆಯ ಹಾಗೆ ಒಂದಾಗುತ್ತವೆ. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟ ನಾನು ನಮ್ಮೂರನ್ನು ಬಸ್ಸು ನಿಲ್ಲದ ಹಳ್ಳಿ ಅಂತಲೇ ತಿಳಿದಿದ್ದೆ. ನಂಜನಗೂಡಿನ ಬಾಳೆಗೊನೆ, ಬದನವಾಳಿನ ನೂಲು ದಾಟಿಸುತ್ತಿದ್ದೆ ಅಂತ ನೀನು ಹೇಳಿದಾಗ ಜಂಬ ಅಂದುಕೊಂಡಿದ್ದೆ. ಇದು ಬಂದರು ಕಣೋ! ಯಾರೋ ಹೆಸರಿಲ್ಲದವನು ಉಳಿ ಹಿಡಿದು, ನದಿ ಬತ್ತಿದ ಅಷ್ಟೇ ದಿನಗಳಲ್ಲಿ ಇದನ್ನೆಲ್ಲ ಬರೆದಿಟ್ಟು ನೀರಿಗೆ ಒಪ್ಪಿಸಿ ಹೋಗಿದ್ದಾನೆ. ಬಿಸಿಲಿನಲ್ಲಿ ಚಪ್ಪಲಿ ಕಳಚಿ ನಿಂತಿದ್ದೆ. ಅಂಗಾಲು ಸುಟ್ಟದ್ದು ಮನೆಗೆ ಬಂದ ಮೇಲೆ ತಿಳಿಯಿತು.

ಮಂಡಿ ಮನೆಯ ಗುರುಸಿದ್ದಮ್ಮ ನಿನಗೆ ನೆನಪಿರಬೇಕು. ಈಗ ತೊಂಬತ್ತು ದಾಟಿದೆ. ಕುರ್ಚಿ ಸಮೇತ ಹೊತ್ತು ತಂದರು. ಬಂಡೆಯನ್ನು ಬೆರಳಲ್ಲಿ ಸವರಿ ಸವರಿ ನೋಡಿ ಒಂದು ಕಡೆ ನಿಲ್ಲಿಸಿತು. "ಬಸ್ವ ಇಲ್ಲೇ ಅವ್ನೆ ಕಣಪ್ಪ. ಮಂಟಪದಿಂದ ಏಳ್ನೇ ಮೆಟ್ಲು. ನಾನು ಮದ್ವೆಯಾಗಿ ಬಂದಾಗ್ಲೂ ಅಲ್ಲೇ ಇದ್ದ," ಅಂದಿತು.

ಎಣಿಸಿದೆವು. ಬಂಡೆಯ ಮೇಲೆ ಬಸವ ಏಳನೆಯ ಮೆಟ್ಟಿಲಲ್ಲಿ. ನಮ್ಮ ಮೆಟ್ಟಿಲ ಮೇಲೆ ಕಲ್ಲು ಬಸವ ಈಗ ಕೂತಿರುವುದು ಐದನೆಯದರಲ್ಲಿ. ಬಸವನ ಪಾದದಿಂದ ಒಂದು ಗೆರೆ ನದಿಯ ಅಗಲಕ್ಕೂ ಹೋಗಿದೆ. ಹದಿನೇಳು ಹರಿಗೋಲೂ ಆ ಗೆರೆಯ ಕೆಳಗೇ. ಗೆರೆಯ ಮೇಲೆ ಇರುವುದು ಈ ಬಂಡೆಯ ಚಿತ್ರ ಒಂದೇ, ಅದರ ಸುತ್ತ ಸುರುಳಿ ಸುರುಳಿ ಸುಳಿ. ನೀರು ಆ ಗೆರೆ ಮುಟ್ಟಿದರೆ ಈ ಬಂಡೆಯ ಸುತ್ತ ಸುಳಿ ಏಳುತ್ತದೆ, ಹರಿಗೋಲು ಬಿಡಬಾರದು ಅಂತ ಅರ್ಥ.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಮತ್ತೆ ತೆಗೆದುಕೊಂಡಿದ್ದೇನೆ.

ತೊಂಬತ್ತೆರಡರ ಆಷಾಢ. ನನ್ನ ಮನೆಯಾಕೆ ಚನ್ನಾಜಮ್ಮ ಆಚೆ ದಡದ ತಂಗಿಯ ಮನೆಗೆಂದು ನಿನ್ನ ಹರಿಗೋಲು ಹತ್ತಿದಳು. ನಡು ಹೊಳೆಯಲ್ಲಿ ಹರಿಗೋಲು ಬುಗುರಿಯಂತೆ ತಿರುಗಿ ಮಗುಚಿತು. ನೀನು ಐದು ಜನರನ್ನು ಎಳೆದು ದಡಕ್ಕೆ ಹಾಕಿದೆ. ಅವಳಿಗಾಗಿ ಮೂರು ಸಲ ಮುಳುಗಿದೆ, ಅವಳು ಸಿಗಲಿಲ್ಲ. ಮಂಟಪದಲ್ಲಿ ಊರು ಸೇರಿದಾಗ ನಾನೇ ಕೇಳಿದ್ದು: "ಬಸವನ ಪಾದ ನೋಡಿದ್ದೆಯೇನೋ?" ಪಾದ ತೊಯ್ದರೆ ಹರಿಗೋಲು ಕಟ್ಟಬೇಕು ಅನ್ನುವುದು ನಿನ್ನ ಮಾವ ಹಾಸಿಗೆ ಹಿಡಿದಿದ್ದಾಗ ನಿನಗೆ ಹೇಳಿಕೊಟ್ಟ ಒಂದೇ ಕಾನೂನು. ನೀನು ಎರಡು ಬೆರಳು ಎತ್ತಿ ತೋರಿಸಿ, "ನೋಡಿದ್ದೆ ಕಣ್ರೀ ಮೇಷ್ಟ್ರೇ, ನಂಜುಂಡಪ್ಪನಾಣೆ, ಪಾದಕ್ಕಿನ್ನೂ ಎರಡು ಬೆರಳು ಇತ್ತು," ಅಂದೆ. ಯಾರೂ ನಂಬಲಿಲ್ಲ. ಕುಡಿದಿದ್ದ ಅಂದರು. ಹುಟ್ಟನ್ನು ಮಂಟಪಕ್ಕೆ ಒರಗಿಸಿ ಹೋದವನು ನೀನು ತಿರುಗಿ ನೋಡಲಿಲ್ಲ.

ನೀನು ಸುಳ್ಳು ಹೇಳಿರಲಿಲ್ಲ. ನೀರು ಬಸವನ ಪಾದಕ್ಕೆ ಎರಡು ಬೆರಳು ಕೆಳಗೇ ಇತ್ತು. ಬಸವನೇ ತನ್ನ ಜಾಗದಲ್ಲಿ ಇರಲಿಲ್ಲ.

ಬರುವ ಸೋಮವಾರ ಅವನನ್ನು ಏಳನೆಯ ಮೆಟ್ಟಿಲಿಗೆ ಇಳಿಸಬೇಕು. ನೀನು ಬರದೆ ಯಾರೂ ಕೈ ಹಚ್ಚಕೂಡದು ಅಂತ ಹೇಳಿದ್ದೇನೆ. ವಯನಾಡಿನಲ್ಲಿ ಮಳೆ ಹಿಡಿದರೆ ಬಂಡೆ ಮುಳುಗುತ್ತದೆ, ಅದಕ್ಕೆ ಮುಂಚೆ ನಿನ್ನ ಕಣ್ಣಿಂದ ನೋಡು. ಈಗ ಸೇತುವೆ ಇದೆ, ಹರಿಗೋಲು ಬೇಕಿಲ್ಲ. ನಿನ್ನ ಹುಟ್ಟು ಇನ್ನೂ ನನ್ನ ಅಟ್ಟದಲ್ಲಿದೆ, ಗೆದ್ದಲು ಹತ್ತದ ಹಾಗೆ ವರ್ಷಕ್ಕೊಮ್ಮೆ ಎಣ್ಣೆ ಸವರುತ್ತೇನೆ.

ಮಗಳು ಪುಟ್ಟಲಕ್ಷ್ಮಿಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದ. ನಂಜುಂಡೇಶ್ವರ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ನಿನ್ನ,
ಗಂಗಾಧರಸ್ವಾಮಿ

ಮರೆತ ಮಾತು: ಪುಟ್ಟಲಕ್ಷ್ಮಿ, ಅಪ್ಪನಿಗೆ ಓದಿ ಹೇಳುವಾಗ ಇದನ್ನು ಬಿಡಬೇಡಮ್ಮ. ನಿನಗೆ ಅಕ್ಷರ ಕಲಿಸಿದವನು ಕೇಳುತ್ತಿದ್ದೇನೆ.

ನಿಂಗರಾಜು, ಮರೆತ ಮಾತು ಅಂತ ಬರೆದೆ, ಅದು ಸುಳ್ಳು. ಬಸವನನ್ನು ಮೇಲೆತ್ತಿದವನು ನಾನು. ನೀನು ಈ ಊರಿಗೆ ಅಳಿಯನಾಗಿ ಬರುವುದಕ್ಕೆ ಒಂದು ವರ್ಷ ಮುಂಚೆ, ಹೊಸ ಸೊಸೆಯಾಗಿ ಹರಿಗೋಲಿನಿಂದ ಇಳಿದ ಚನ್ನಾಜಮ್ಮನ ಕಾಲು ಅವನಿಗೆ ತಗುಲಿತು. ಪಾಪ ಬಂತು ಅಂತ ಎರಡು ದಿನ ಅನ್ನ ಮುಟ್ಟದೆ ಅತ್ತಳು. ಇನ್ನು ಯಾರ ಕಾಲೂ ತಗುಲದಿರಲಿ ಅಂತ ಹಾರೆ ಹಾಕಿ ಎರಡು ಮೆಟ್ಟಿಲು ಮೇಲಕ್ಕೆ, ಪಕ್ಕಕ್ಕೆ ಕೂರಿಸಿದೆ. ಅವಳೇ ಕರ್ಪೂರ ಹಚ್ಚಿದಳು. ಅವನು ನೀರಿನ ಅಳತೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಆಮೇಲೆ ಮೇಲೆ ಅಣೆಕಟ್ಟಾಯಿತು, ನೀರು ಅಷ್ಟೆತ್ತರ ಬರುವುದೇ ಅಪರೂಪವಾಯಿತು, ಎತ್ತಿದ್ದು ಯಾರಿಗೂ ನೆನಪುಳಿಯಲಿಲ್ಲ.

ನನಗೆ ಮಾತ್ರ ನೆನಪಾಯಿತು. ಕಳೆದ ವಾರ ಬಂಡೆ ನೋಡಿದಾಗ ಅಲ್ಲ. ಅವತ್ತೇ, ಮಂಟಪದಲ್ಲಿ, ನೀನು ಎರಡು ಬೆರಳು ತೋರಿಸಿದಾಗ. ಬಾಯಿ ಬಿಟ್ಟಿದ್ದರೆ ಅವಳನ್ನು ಮುಳುಗಿಸಿದವನು ನಾನಾಗುತ್ತಿದ್ದೆ. ಬಾಯಿ ಮುಚ್ಚಿಕೊಂಡು ಆ ಹೆಸರನ್ನು ನಿನ್ನ ಮೇಲೆ ಹೊರಿಸಿದೆ. ಸೋಮವಾರ ನೀನು ಬಂದರೂ ಬಾರದಿದ್ದರೂ, ನೀನು ನಿಂತಿದ್ದ ಜಾಗದಲ್ಲೇ ನಿಂತು ಇದನ್ನು ಊರಿಗೆ ಹೇಳುತ್ತೇನೆ.