ಅಪ್ಪನ ಬೆಲ್ಲ

ನವೆಂಬರ್ ೧೯, ಬುಧವಾರ

ಮಂಡ್ಯದ ಆಸ್ಪತ್ರೆಯಲ್ಲಿ ಇವತ್ತು ಅಪ್ಪನ ಕಾಲಿನ ಹೆಬ್ಬೆರಳು ತೆಗೆದರು. ಸಕ್ಕರೆ ಕಾಯಿಲೆಯ ಗಾಯ, ಕೊಳೆತುಹೋಗಿತ್ತು. ಮದ್ದೂರಿನ ಕಾಲೇಜಿನಲ್ಲಿ ಅದೇ ಕಾಯಿಲೆಯ ಪಾಠ ಮಾಡುವವಳು ನಾನು. ಮನೆಯಲ್ಲಿ ನನ್ನ ಮಾತು ನಾಯಿಗೂ ಬೇಡ.

ಅಪ್ಪ ಕೊತ್ತತ್ತಿಯ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲ ತೆಗೆದವನು, ಆ ಬೆಲ್ಲದಲ್ಲೇ ನನ್ನನ್ನು ಎಂ.ಎಸ್ಸಿ. ಓದಿಸಿದವನು. ಮಾತ್ರೆ ಬಿಟ್ಟು ಎರಡು ಹೊತ್ತೂ ಬೆಲ್ಲದ ನೀರು ಕುಡಿಯುತ್ತಿದ್ದ.

“ಸಕ್ರೆ ಬ್ಯಾರೆ, ಬೆಲ್ಲ ಬ್ಯಾರೆ ಕಣಮ್ಮ. ವಾಟ್ಸಾಪಲ್ಲಿ ಡಾಕ್ಟ್ರೇ ಯೋಳವ್ರೆ.”

ಆ ಡಾಕ್ಟರು ಬೆಲ್ಲದ ಪುಡಿ ಮಾರುವವನು. ಲ್ಯಾಬಿನ ರಕ್ತದ ರಿಪೋರ್ಟು ತೋರಿಸಿದರೆ ಅಪ್ಪ, “ಅವ್ರ ಮಿಸಿನ್ನು ಕೆಟ್ಟದೆ ಬುಡು” ಅನ್ನುತ್ತಿದ್ದ.

ಇಷ್ಟು ದಿನ ಅದನ್ನು ಅಜ್ಞಾನ ಅಂದುಕೊಂಡು ಉರಿದುಬೀಳುತ್ತಿದ್ದೆ. ಅಜ್ಞಾನವಾಗಿದ್ದರೆ ಪಾಠ ಮಾಡಿ ಗೆಲ್ಲುತ್ತಿದ್ದೆನಲ್ಲ. ಇವತ್ತು ಆಪರೇಷನ್ ಮುಗಿದು ಎಚ್ಚರವಾದಾಗ ಅಪ್ಪ ಕಾಲು ನೋಡಿಕೊಳ್ಳಲೇ ಇಲ್ಲ. ನನ್ನ ಕೈ ಹಿಡಿದು, “ಬೆರಳು ಓದ್ರೆ ಓಗ್ಲಿ. ಊರಲ್ಲಿ ಯಾರಾದ್ರೂ ಕೇಳುದ್ರೆ ಬೆಲ್ಲದಿಂದ ಅಂತ ಮಾತ್ರ ಯೋಳ್ಬೇಡ ಕಣವ್ವ” ಎಂದ.

ಸಂಜೆ ಚಿಕ್ಕಪ್ಪ ಫೋನ್ ಮಾಡಿ ಏನಾಯಿತೆಂದು ಕೇಳಿದ.

ಕಲ್ಲು ಎಡವಿ ಗಾಯವಾಗಿತ್ತು, ಅಷ್ಟೇ, ಅಂದುಬಿಟ್ಟೆ. ನಾನೇ. ಜೀವಶಾಸ್ತ್ರದ ಮೇಡಂ. ನಾಳೆ ಕ್ಲಾಸಿನಲ್ಲಿ ಯಾವ ಮುಖ ಇಟ್ಟುಕೊಂಡು ಪಾಠ ಮಾಡಲಿ?