ಒಂದೇ ಮಾತಾಡಿದ ಯಂತ್ರ

ಮನೆಯಿಂದ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಕುರ್ಚಿ ಬಿಟ್ಟು ಆಗಾಗ ಎದ್ದು ಓಡಾಡು ಎಂದರೆ ನೀನು ಕೇಳುವವನಲ್ಲ. ಫೋನ್ ಮಾಡಿದರೆ "ಅಕ್ಕಾ, ಮೀಟಿಂಗಲ್ಲಿದ್ದೀನಿ" ಎನ್ನುತ್ತೀಯ. ಕಾಗದವಾದರೆ ಮೀಟಿಂಗ್ ಮುಗಿಯುವ ತನಕ ಸುಮ್ಮನೆ ಕಾದಿರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ಈಗ ಪರವಾಗಿಲ್ಲ. ಹೊಟ್ಟೆಯ ಹೊಲಿಗೆ ಒಣಗಿದೆ, ಎರಡು ತುತ್ತು ಹೆಚ್ಚಿಗೆ ಸೇರುತ್ತಿದೆ. ಅಮ್ಮ ಆಸ್ಪತ್ರೆ ಸೇರಿದ್ದು ಗೊತ್ತಾಗಿ "ಏನಾಯ್ತು?" ಎಂದು ಒಂದೇ ಸಾಲಿನ ಮೆಸೇಜ್ ಕಳಿಸಿದ್ದೆಯಲ್ಲ, ಏನಾಯಿತೆಂದು ಈಗ ಹೇಳುತ್ತೇನೆ, ಕೂತು ಓದು.

ಲಕ್ವ ಹೊಡೆದು ಅಮ್ಮನ ಮಾತು, ಬಲಗೈ ಎರಡೂ ಹೋದಾಗ ಆ ಪ್ರೋಗ್ರಾಂ ಬರೆದುಕೊಟ್ಟವನು ನೀನೇ. ಪರದೆಯ ತುಂಬ ಚಿತ್ರ. ಒಂದನ್ನು ಒತ್ತಿದರೆ "ನೀರು ಬೇಕು", ಇನ್ನೊಂದಕ್ಕೆ "ಫ್ಯಾನ್ ಹಾಕಿ", ಮತ್ತೊಂದಕ್ಕೆ "ನೋವಾಗ್ತಿದೆ". ಧ್ವನಿ ನಿನ್ನ ಹೆಂಡತಿಯದು. ಬೀದಿಯ ಸದ್ದು ಸೇರಬಾರದೆಂದು ನೀವಿಬ್ಬರೂ ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲು ಹಾಕಿಕೊಂಡು, ಬೆವರುತ್ತಾ ನಗುತ್ತಾ ಒಂದೊಂದೇ ಮಾತು ರೆಕಾರ್ಡ್ ಮಾಡಿದ್ದಿರಿ. ಆಗ ನಿನ್ನನ್ನು ಕಂಡು ನನಗೆಷ್ಟು ಹೆಮ್ಮೆಯಾಗಿತ್ತು ಗೊತ್ತೆ! ಆಮೇಲೆ ನೀನು ಅವಳನ್ನು ಬಿಟ್ಟೆ. ಬಿಟ್ಟದ್ದು ಯಾಕೆಂದು ನಮಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಅವಳ ದನಿ ಮಾತ್ರ ನಮ್ಮ ಮನೆಯಲ್ಲಿ ಉಳಿಯಿತು.

ಹಳೆಯ ಕಂಪ್ಯೂಟರ್ ಆಗಾಗ ಕೈಕೊಡತೊಡಗಿದಾಗ ನೀನು ಆಫೀಸಿನದ್ದೊಂದನ್ನು ಕಳಿಸಿದೆ. "ಇದರ ಸಿಸ್ಟಮ್ ಬೇರೆ, ಪರವಾಗಿಲ್ಲ. ಹಳೇ ಫೋಲ್ಡರ್ ಹಾಗೇ ಕಾಪಿ ಮಾಡು, ಎರಡರಲ್ಲೂ ನಡೆಯುತ್ತೆ" ಎಂದೆ. ಮಾಡಿದೆ. ಶುರು ಮಾಡಲು ಒತ್ತಿದರೆ ಅಂಥ ಫೈಲ್ ಇಲ್ಲವೇ ಇಲ್ಲ ಎಂದಿತು. ಫೈಲ್ ನೋಡಿದರೆ ಕಣ್ಣೆದುರೇ ಕೂತಿದೆ! ಕೊನೆಗೆ ರಿಪೇರಿಯವನನ್ನು ಕರೆಸಿದೆ. ಅವನು ನೋಡಿ ನಕ್ಕ. ಫೈಲಿನ ಹೆಸರು ಇಂಗ್ಲಿಷಿನ ದೊಡ್ಡಕ್ಷರದಿಂದ ಶುರುವಾಗಿತ್ತು, ಪ್ರೋಗ್ರಾಮಿನೊಳಗೆ ಅದನ್ನು ಕರೆಯುವ ಕಡೆ ನೀನು ಚಿಕ್ಕಕ್ಷರ ಬರೆದಿದ್ದೆ. "ಹಳೇ ಸಿಸ್ಟಮ್ಮಿಗೆ ಎರಡೂ ಒಂದೇ ಅಕ್ಕಾ. ಇದಕ್ಕೆ ಹಂಗಲ್ಲ, ಒಂದಕ್ಷರ ಆಚೀಚೆ ಆದ್ರೂ ಬೇರೆ ಫೈಲ್ ಅಂತಲೇ ತಿಳ್ಕೊಳುತ್ತೆ" ಎಂದ. ನಮ್ಮ ಅಕ್ಷರಗಳಲ್ಲಿ ಈ ದೊಡ್ಡದು ಚಿಕ್ಕದರ ಜಗಳವೇ ಇಲ್ಲ, ನನಗೇನು ತಿಳಿಯಬೇಕು? ಅವನು ಹೆಸರು ಸರಿಮಾಡಿದ. ಪರದೆ ತೆರೆಯಿತು. ನೀರಿನ ಚಿತ್ರ ಒತ್ತಿದೆವು, "ನೀರು ಬೇಕು" ಎಂದಿತು. ಅಮ್ಮ ನಕ್ಕಳು. ಒಂದು ಮಾತಾಡಿತಲ್ಲ, ಉಳಿದವೂ ಮಾತಾಡುತ್ತವೆ ಎಂದುಕೊಂಡು ಅವನು ಹೋದ, ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತೆ.

ಮರುದಿನ, ಗುರುವಾರ, ಬೆಳಗಿನಿಂದ ಒಳಕೋಣೆಯಿಂದ "ನೀರು ಬೇಕು" ಎಂದು ಕೇಳುತ್ತಲೇ ಇತ್ತು. ಹೊಲಿಯುತ್ತಿದ್ದದ್ದನ್ನು ಬಿಟ್ಟು ಎದ್ದು ಹೋಗಿ ಲೋಟ ಹಿಡಿದರೆ ಅಮ್ಮ ಮುಖ ತಿರುಗಿಸುತ್ತಾಳೆ. ವಾಪಸ್ ಬಂದು ಕೂರುವಷ್ಟರಲ್ಲಿ ಮತ್ತೆ "ನೀರು ಬೇಕು". ಮದುವೆ ಮನೆಯವರ ಬಟ್ಟೆ, ಸಂಜೆಯೊಳಗೆ ಕೊಡಬೇಕಿತ್ತು. "ಏನಮ್ಮಾ, ಮಕ್ಕಳಾಟಾನಾ ಇದು?" ಎಂದು ಗದರಿಬಿಟ್ಟೆ ಕಣೋ. ಅಮ್ಮ ಬೆರಳನ್ನು ಬೇರೆ ಚಿತ್ರದ ಮೇಲೆ ಒತ್ತಿ ಒತ್ತಿ ನನ್ನ ಮುಖ ನೋಡಿದಳು. ಸದ್ದಿಲ್ಲ. ನೋವಿಗೆ ನೀನು ಹಾಕಿದ್ದು ಬರೀ ಒಂದು ಕೆಂಪು ಚುಕ್ಕೆ, ನಾನಾದರೂ ಚಿತ್ರ ನೋಡಿ ಅಭ್ಯಾಸವಿದ್ದವಳಲ್ಲ, ಕಿವಿಗೆ ಬಿದ್ದದ್ದನ್ನು ಕೇಳಿ ಓಡುತ್ತಿದ್ದವಳು. ಅಮ್ಮ ಮತ್ತೆ ನೀರಿನ ಚಿತ್ರಕ್ಕೇ ಹೋದಳು. ಪಾಪ, ಅದೊಂದೇ ಮಾತಾಡುತ್ತದೆಂದು ಅವಳಿಗೆ ಗೊತ್ತಾಗಿತ್ತು. ನನ್ನನ್ನು ಕರೆಯಲು ಅವಳಿಗಿದ್ದದ್ದು ಅದೊಂದೇ ಮಾತು. ಸಂಜೆ ಮೈ ಕೆಂಡವಾಗಿ ವಾಂತಿ ಶುರುವಾದಾಗಲೇ ನನಗೆ ಬುದ್ಧಿ ಬಂದದ್ದು. ಅಪೆಂಡಿಕ್ಸ್ ಒಡೆದಿತ್ತು. "ಇಷ್ಟು ಹೊತ್ತು ಹೆಂಗಮ್ಮ ಸುಮ್ನಿದ್ರಿ?" ಎಂದು ಡಾಕ್ಟರು ಕೇಳಿದರು.

ಆಸ್ಪತ್ರೆಯಿಂದ ನಿನಗೆ ಮಾಡಿದ ಫೋನ್ ನೀನು ಎತ್ತಲಿಲ್ಲ. ನಾಚಿಕೆ ಬಿಟ್ಟು ನಿನ್ನ ಹೆಂಡತಿಗೆ ಮಾಡಿದೆ. ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವಳು ಬೆರಳಿನ ಮಸಿಯನ್ನೂ ತೊಳೆಯದೆ ಬಂದಳು. ಅಮ್ಮ ಮನೆಗೆ ಬಂದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಚಿತ್ರ ಒತ್ತಿದಳು. ನೀರಿನದೊಂದು ಬಿಟ್ಟು ಎಲ್ಲ ಮೂಕ. ಫೋಲ್ಡರ್ ತೆಗೆದು ನೋಡಿದರೆ ರಿಪೇರಿಯವನು ಬಾಗಿಲಲ್ಲೇ ಸರಿಮಾಡಿ ಹೋದ ತಪ್ಪು ಒಳಗೆಲ್ಲ ತುಂಬಿದೆ. ಒಂದು ಧ್ವನಿ ಫೈಲಿನ ಹೆಸರು ಪೂರ್ತಿ ದೊಡ್ಡಕ್ಷರ, ಒಂದಕ್ಕೆ ಮೊದಲನೆಯದು ಮಾತ್ರ, ನೀರಿನದು ಪುಣ್ಯಕ್ಕೆ ಪೂರ್ತಿ ಚಿಕ್ಕದು. ಪ್ರೋಗ್ರಾಂ ಕರೆಯುವುದೆಲ್ಲ ಚಿಕ್ಕಕ್ಷರದಲ್ಲಿ. ಅವಳು ಎಲ್ಲವನ್ನೂ ಚಿಕ್ಕಕ್ಷರಕ್ಕೆ ಬದಲಿಸಿ, ಒಂದನ್ನೂ ಬಿಡದೆ ಒತ್ತಿ ಕೇಳಿಸಿಕೊಂಡಳು. ಕೆಂಪು ಚುಕ್ಕೆ ಅವಳದೇ ಆ ಹಳೆಯ ದನಿಯಲ್ಲಿ, ನಗು ತಡೆದುಕೊಂಡ ದನಿಯಲ್ಲಿ "ನೋವಾಗ್ತಿದೆ" ಎಂದಾಗ ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಹೇಳಿದಳು: "ಅಕ್ಕಾ, ಅವರು ಯಾವಾಗ್ಲೂ ಹಂಗೇ. ತಮ್ಮ ಹತ್ರ ನಡೀತು ಅಂದ್ರೆ ಲೋಕಕ್ಕೆಲ್ಲ ನಡೀತು ಅಂತಲೇ ಅವರ ಲೆಕ್ಕ."

ಪ್ರೋಗ್ರಾಂ ಸರಿಯಾಗಿ ಮಾತಾಡುತ್ತಿರಲಿಲ್ಲ ಎಂದಷ್ಟೇ ನಿನಗೆ ತಿಳಿಸಿದಾಗ "ಸಾರಿ ಅಕ್ಕ, ಟೆಸ್ಟ್ ಮಾಡೋಕೆ ಟೈಮ್ ಸಿಗಲಿಲ್ಲ" ಎಂದು ಕಳಿಸಿದೆ. ಟೆಸ್ಟ್ ಮಾಡಿದವಳು ಅಮ್ಮ, ಬಿಡು.

ಊಟ ನಿದ್ದೆ ನೋಡಿಕೋ. ಬಾಯೆಲ್ಲ ಕಹಿಯಾಗಿದ್ದರೂ ಒಡಹುಟ್ಟಿದವನಿಗೆ ಕೆಟ್ಟದ್ದು ಹಾರೈಸಲು ಬರುವುದಿಲ್ಲ. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಕ್ಕ

ತಾ.ಕ.: ಅಂಚೆಗೆ ಹೊತ್ತಾಯಿತು, ಹೇಳಬೇಕಾದ್ದನ್ನೇ ಬಿಟ್ಟಿದ್ದೆ. ಈ ಭಾನುವಾರ ಅಮ್ಮ ನಿನ್ನ ಹೆಂಡತಿಯ ಮನೆಗೆ ಹೋಗುತ್ತಿದ್ದಾಳೆ, ಅಲ್ಲೇ ಇರಲು; ಕರೆದದ್ದು ಅವಳೇ. ನಾನು ಬೇಡವೆಂದೆ, ಜನ ಏನಂದಾರು ಎಂದೆ, ಅತ್ತೇಬಿಟ್ಟೆ. ಅಮ್ಮ ಎಡಗೈಯಲ್ಲಿ, ಪಕ್ಕದಲ್ಲಿ ಕೂತಿದ್ದ ನಿನ್ನ ಹೆಂಡತಿಯ ಮಣಿಕಟ್ಟು ಹಿಡಿದುಕೊಂಡಳು, ನಾನು ಅತ್ತು ಮುಗಿಸುವವರೆಗೂ ಬಿಡಲಿಲ್ಲ. ಇನ್ನು ತಾಯಿಯನ್ನು ನೋಡಬೇಕೆನಿಸಿದರೆ ನೀನು ತಟ್ಟಬೇಕಾದದ್ದು ಅವಳ ಬಾಗಿಲು. ತೆಗೆಯುವುದು ಬಿಡುವುದು ಅವಳಿಗೆ ಸೇರಿದ್ದು, ನನ್ನನ್ನು ಕೇಳಬೇಡ.