ತಲೆಯ ಹಿಂದೆ ಕೂತವನು

ತಂಗಿ ಬಾಯವ್ವಾ,

ನೀನು ತೀರಿ ಇಪ್ಪತ್ತೇಳು ವರ್ಷವಾಯಿತು. ಇವತ್ತು ಮಂಗಳವಾರ, ಯಲ್ಲಮ್ಮನ ಉಪವಾಸ. ಸಗಣಿ ಬಳಿದು ಪೂಜೆ ಮುಗಿಸುವಷ್ಟರಲ್ಲಿ ನಿನ್ನ ಮಗ, ಡಾಕ್ಟರ್ ಶಟ್ಟೆಪ್ಪ, ಬಂದ. ಮನಸ್ಸಿನ ರೋಗವನ್ನು ಮಾತಾಡಿಸಿಯೇ ಕಳೆಯುವ ವಿದ್ಯೆಯನ್ನು ಕಲಕತ್ತೆಯಲ್ಲಿ ಕಲಿಯುತ್ತಿದ್ದಾನಂತೆ.

"ದೊಡ್ಡವ್ವಾ, ಮಲಕೊಂಡು ಮನಸಿಗೆ ಬಂದದ್ದು ಹೇಳ ಬೇ" ಎಂದು ನನ್ನ ತಲೆಯ ಹಿಂದೆ ಕೂತ.

"ಹೆಣದ ತಲಿಕಡೆ ಹಂಗ ಕುಂದರತಾರಲೇ, ಮುಂದ ಬಾ!"

ಅವನು ಕೂತಲ್ಲಿಂದ ಅಲುಗಲಿಲ್ಲ. ಇದೆಂಥಾ ವಿದ್ಯೆ! ಕೇಳುವವನು ಸುಮ್ಮನಿದ್ದರೆ ಆಡುವವಳ ಬಾಯಿ ಎಲ್ಲೆಲ್ಲೋ ಹೋಗುತ್ತದೆ. ಎಮ್ಮೆಯಿಂದ ಶುರುವಾದ ಮಾತು ನಿನ್ನ ಬಾಣಂತನಕ್ಕೆ ಬಂದು ನಿಂತಿತು. "ಅಕ್ಕಾ, ನಿದ್ದಿ ಇಲ್ಲ, ಒಮ್ಮೆ ಬಾ" ಎಂದು ನೀನು ಗಂಡನ ಮನೆ ಚಚಡಿಯಿಂದ ಮೂರು ಸಲ ಹೇಳಿಕಳಿಸಿದ್ದೆ. ನಾನು ಬರದೆ ಯಲ್ಲಮ್ಮನ ಭಂಡಾರದ ಅರಿಶಿನವನ್ನಷ್ಟೇ ಕಳಿಸಿದ್ದೆ. ಆ ಬಾಣಂತನದಲ್ಲೇ ನೀನು ಹೋದೆ.

ಒಲೆ ಆರುತ್ತದೆಂದು ಎದ್ದುಬಿಟ್ಟೆ. ಒಲೆ ಹಚ್ಚಿರಲೇ ಇಲ್ಲ.

ನಾಲ್ಕನೇ ಸಲ ಯಾರನ್ನಾದರೂ ಕಳಿಸವ್ವಾ. ಉತ್ತರ ಬರೆದಿಟ್ಟಿದ್ದೇನೆ, ಒಯ್ಯಲಿ.